ಬೆನ್ನು ಕಾಣುವ ಸಾಲು

ಆರೂವರೆಗೆ ಕಾರ್ಖಾನೆಯ ಸೈರನ್ ಕೂಗಿದ ಕೂಡಲೇ ಒಲೆಯ ಮೇಲಿನ ಹಾಲು ಇಳಿಸುವುದು ನನ್ನ ಇಪ್ಪತ್ತಾರು ವರ್ಷಗಳ ಅಭ್ಯಾಸ. ಆ ದಿನ ಮೇ ಒಂದು, ಕಾರ್ಮಿಕರ ದಿನದ ರಜ. ಸೈರನ್ ಕೂಗಲಿಲ್ಲ, ಹಾಲು ಉಕ್ಕಿತು. ಒಲೆಯ ಸುತ್ತ ಹರಿದು, ಕಟ್ಟೆಯ ಅಂಚಿನಿಂದ ತೊಟ್ಟಿಕ್ಕಿ, ನಾನು ಹಿಂದಿನ ದಿನವಷ್ಟೇ ಒಗೆದು ಹಾಸಿದ್ದ ಕಾಲೊರಸನ್ನು ತೋಯಿಸಿತು.

“ಏನೇ, ಹಾಲು ಉಕ್ತಾ? ಒಳ್ಳೇದಾಯ್ತು ಬಿಡು. ಗೃಹಪ್ರವೇಶದಲ್ಲಿ ಬೇಕಂತಾನೇ ಉಕ್ಕಿಸ್ತಾರೆ,” ಎಂದರು ನಮ್ಮ ಮನೆಯವರು. ಬಿಳಿ ಅಂಗಿಯನ್ನು ತಾವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ವರ್ಷದಲ್ಲಿ ಆ ಒಂದು ದಿನ ಮಾತ್ರ ಅವರು ಇಸ್ತ್ರಿಪೆಟ್ಟಿಗೆ ಮುಟ್ಟುತ್ತಿದ್ದದ್ದು. ಕಾಲರ್ ಪಕ್ಕದಲ್ಲಿ ಕೆಂಪು ರಿಬ್ಬನ್ನಿನ ಹೂವು ಪಿನ್ ಹಾಕಿಸಿಕೊಳ್ಳಲು ಕಾಯುತ್ತಿತ್ತು.

ನಾನು ಹೊರಗೆ ಬಂದು ನೀರು ಚಿಮುಕಿಸಿ ರಂಗೋಲಿ ಇಟ್ಟೆ. ಗುಲ್‌ಮೊಹರ್ ಮರ ರಾತ್ರಿಯೆಲ್ಲ ಹೂ ಉದುರಿಸಿತ್ತು. ಗುಡಿಸಿದಷ್ಟೂ ಬೀಳುತ್ತಲೇ ಇತ್ತು. ಬೆಳಗ್ಗೆ ಏಳಕ್ಕೇ ಸೆಕೆ. ಯಲಹಂಕದ ಕಡೆಯ ಆಕಾಶ ಮಳೆಯನ್ನೂ ಕೊಡದೆ, ಬಿಸಿಲನ್ನೂ ಬಿಡದೆ ಬೂದಿಯ ಬಣ್ಣಕ್ಕೆ ನಿಂತಿತ್ತು.

ಪಕ್ಕದ ಮನೆಯಾಕೆ ಕಾಂಪೌಂಡಿನ ತೊಂಡೆ ಚಪ್ಪರದ ಕೆಳಗೆ ನಿಂತು ಹಲ್ಲುಜ್ಜುತ್ತಿದ್ದರು. ಅವರ ಗಂಡ ಕಾರ್ಖಾನೆಯ ಭದ್ರತಾ ವಿಭಾಗದ ಅಧಿಕಾರಿ. ನೊರೆಯನ್ನು ಒಂದು ಕೆನ್ನೆಗೆ ತಳ್ಳಿಕೊಂಡು, “ನಮ್ಮನೆಯವ್ರಿಗೆ ರಜ ಅನ್ನೋದೇ ಬರ್ದಿಲ್ಲ ಕಣ್ರೀ. ಆರು ಗಂಟೆಗೇ ಕರೆಸ್ಕೊಂಡ್ರು. ಕಾರ್ಮಿಕರ ದಿನ ಅಂತೆ, ಇವ್ರೇನು ಕಾರ್ಮಿಕರಲ್ದೆ ಕಲೆಕ್ಟರ್ರಾ?” ಎಂದರು. ನಾವಿಬ್ಬರೂ ನಕ್ಕೆವು.

ಜಾಲಹಳ್ಳಿ ಎಂದರೆ ಜನರಿಗೆ ದೊಡ್ಡ ದೊಡ್ಡ ಸರ್ಕಾರಿ ಕಾರ್ಖಾನೆಗಳು ನೆನಪಾಗುತ್ತವೆ. ನಮ್ಮದು ಅಂಥದ್ದಲ್ಲ. ಮೋಟರುಗಳಿಗೆ ತಾಮ್ರದ ಸುರುಳಿ ಸುತ್ತಿಕೊಡುವ ಒಂದು ಖಾಸಗಿ ಕಾರ್ಖಾನೆ, ಅದರ ಬೆನ್ನಿಗೆ ನಲವತ್ತು ಮನೆಗಳ ಕ್ವಾರ್ಟರ್ಸ್, ಯೂನಿಯನ್ನಿನ ಒಂದು ಶೀಟಿನ ಹಾಲ್. ಕಾಯಂ ಕೆಲಸದವರ ಕೊರಳಲ್ಲಿ ನೀಲಿ ಪಟ್ಟಿಯ ಗುರುತುಚೀಟಿ, ಗುತ್ತಿಗೆಯವರ ಕೊರಳಲ್ಲಿ ಹಳದಿ ಪಟ್ಟಿ. ನಮ್ಮ ಮನೆಯವರು ನೀಲಿ. ಯೂನಿಯನ್ ಕಮಿಟಿಯಲ್ಲೂ ಇದ್ದರು.

ಹಳದಿ ಪಟ್ಟಿಯ ಒಬ್ಬಾಕೆ ದಿನಾ ಏಳೂ ಹತ್ತಕ್ಕೆ ನಮ್ಮ ಗೇಟಿನ ಮುಂದೆ ನಿಲ್ಲುತ್ತಿದ್ದಳು. ಹತ್ತಿರದ ಸಿಂಗಾಪುರ ಹಳ್ಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಪಿಯುಸಿ ಓದುವ ಮಗಳು, ಗಂಡ ಇಲ್ಲ. ಕಾರ್ಖಾನೆಯೊಳಗೆ ಗುತ್ತಿಗೆಯವರಿಗಿಟ್ಟ ಡ್ರಮ್ಮಿನ ನೀರು ತುಕ್ಕು ವಾಸನೆ ಹೊಡೆಯುತ್ತದೆ ಎಂದು ನಮ್ಮ ಮನೆಯ ಫಿಲ್ಟರಿನ ನೀರು ಬಾಟಲಿಗೆ ತುಂಬಿಸಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷ ತಂತಿ ಸುತ್ತಿ ಸುತ್ತಿ ಅವಳ ತೋರುಬೆರಳಿನ ಪಕ್ಕದಲ್ಲಿ ನೇರವಾಗಿ ಒಂದು ಗೆರೆ ಬಿದ್ದಿತ್ತು, ದಾರದಿಂದ ಬೆಣ್ಣೆ ಕತ್ತರಿಸಿದ ಹಾಗೆ. ಅವಳ ಎಡಗಿವಿಯ ಹಾಲೆ ಸೀಳಿತ್ತು. ಮದುವೆಯಾದ ಹೊಸದರಲ್ಲಿ ಭಾರದ ಓಲೆ ಹಾಕಿ ಸೀಳಿದ್ದಂತೆ. ಅದರ ಮೇಲೆ ಇನ್ನೊಂದು ತೂತು ಚುಚ್ಚಿಸಿ, ಹಸಿರು ಕಲ್ಲಿನ ಒಂದು ಪುಟ್ಟ ಓಲೆ ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಅವಳ ಒಂದು ಓಲೆ ಇನ್ನೊಂದಕ್ಕಿಂತ ಸ್ವಲ್ಪ ಮೇಲಿರುತ್ತಿತ್ತು. ಬಾಟಲಿ ತುಂಬುವಷ್ಟು ಹೊತ್ತು ನಾನು ಅದನ್ನೇ ನೋಡುತ್ತಿದ್ದೆ. ಇಂಥದ್ದನ್ನೆಲ್ಲ ನೋಡುವುದು ನನ್ನ ಸ್ವಭಾವ. ಅದರಿಂದ ಯಾರಿಗಾದರೂ ಕೇಡಾಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ಗುತ್ತಿಗೆ ಮುಗಿಯುತ್ತಿತ್ತು. ಮೇ ಎರಡರ ಬೆಳಗ್ಗೆ ಹೆಸರುಗಳ ಹೊಸ ಪಟ್ಟಿಯನ್ನು ಗೇಟಿಗೆ ಅಂಟಿಸುತ್ತಾರೆ, ಹೆಸರು ಇದ್ದವರು ಒಳಗೆ, ಇಲ್ಲದವರು ಹೊರಗೆ. ಏಪ್ರಿಲ್ಲಿನಲ್ಲಿ ಒಂದು ದಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಅವಳೇ ಹೇಳಿದ್ದಳು. “ಈ ಸಲ ಮೆರವಣಿಗೆಗೆ ನಾವ್ ಬರಂಗಿಲ್ಲ ಅಕ್ಕಾ. ಮೇಸ್ತ್ರಿ ಏಳವ್ನೆ, ಯೂನಿಯನ್ ಇಂದೆ ಓದೋರ ಎಸ್ರು ಲಿಸ್ಟಲ್ಲಿ ಇರಾಕಿಲ್ಲ ಅಂತ. ಎಸ್ರೊಂದು ಇದ್ಬುಟ್ರೆ ಸಾಕು ನಂಗೆ. ಮಗಳ್ದು ಇನ್ನೊಂದ್ ವರ್ಸ ಐತೆ.”

“ಅಯ್ಯೋ ಪಾಪ, ಬರದಿದ್ರೆ ಏನಂತೆ, ನೀನು ಚೆನ್ನಾಗಿರು,” ಎಂದಿದ್ದೆ ನಾನು. ಒಂದು ಎಸಳು ಕರಿಬೇವು ಕೊಟ್ಟು ಕಳಿಸಿದ್ದೆ.

ಆ ದಿನ ರಜವಾದ್ದರಿಂದ ಅವಳು ಬರಬೇಕಾಗಿರಲಿಲ್ಲ. ಆದರೂ ಏಳೂ ಹತ್ತಕ್ಕೆ ನನ್ನ ಕಣ್ಣು ಗೇಟಿನ ಕಡೆ ಹೋಯಿತು. ಅವಳಿಗಾಗಿ ನಾನೊಂದು ಸಂತೋಷವನ್ನು ಗುಟ್ಟಾಗಿ ಇಟ್ಟುಕೊಂಡಿದ್ದೆ. ಅದೇನೆಂದು ಹೇಳುವುದಕ್ಕೆ ಚಿತ್ರದ ವಿಷಯ ಹೇಳಬೇಕು.

ನಮ್ಮ ಯೂನಿಯನ್ ಹಾಲಿನ ಹಿಂಗೋಡೆಯ ಅಗಲಕ್ಕೂ ಪ್ಲೈವುಡ್ ಹಲಗೆ ಹೊಡೆದು, ಮೇ ದಿನದ ಮೆರವಣಿಗೆಯ ದೊಡ್ಡ ಚಿತ್ರವೊಂದನ್ನು ಬರೆಸುವುದೆಂದು ಕಮಿಟಿ ತೀರ್ಮಾನಿಸಿತ್ತು. ಬರೆದವರು ಕಾರ್ಖಾನೆಯ ಪೇಂಟ್ ಶಾಪಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಎಪ್ಪತ್ತು ದಾಟಿತ್ತು, ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಕೆಲಸದಲ್ಲಿದ್ದಷ್ಟು ಕಾಲ ಯಂತ್ರಗಳಿಗೆ ನಂಬರು, ಗೋಡೆಗಳಿಗೆ ‘ಅಪಾಯ’, ‘ಧೂಮಪಾನ ನಿಷೇಧಿಸಿದೆ’ ಎಂದು ಬರೆದವರು. ಮನುಷ್ಯರನ್ನು ಬರೆಯುವುದನ್ನು ತಾವೇ ಕಲಿತಿದ್ದರು, ರಷ್ಯಾದಿಂದ ಕನ್ನಡದಲ್ಲೇ ಬರುತ್ತಿದ್ದ ದಪ್ಪ ನುಣುಪು ಕಾಗದದ ಪತ್ರಿಕೆಗಳನ್ನು ನೋಡಿ. ಆ ಕಾಗದ ನನಗೂ ಗೊತ್ತಿತ್ತು. ನಾವು ಕಾನ್ವೆಂಟಿನಲ್ಲಿ ಪುಸ್ತಕಗಳಿಗೆ ಅದರಲ್ಲೇ ಬೈಂಡ್ ಹಾಕುತ್ತಿದ್ದೆವು. ಗೋಧಿ ಕೊಯ್ಯುವ ಕೆಂಪು ಕೆನ್ನೆಯ ಹುಡುಗಿಯರು, ಕ್ರೇನು, ಬಾವುಟ. ಸಿಸ್ಟರ್ ಮಾತ್ರ ಚಿತ್ರ ಒಳಕ್ಕೆ ಬರುವಂತೆ ತಿರುಗಿಸಿ ಹಾಕಿ ಎನ್ನುತ್ತಿದ್ದರು. ತಿರುಗಿಸಿದರೂ ಕೆಂಪು ತೆಳ್ಳಗೆ ಹೊರಗೆ ಕಾಣುತ್ತಿತ್ತು.

ಚಿತ್ರಕಾರರಿಗೆ ಹನ್ನೊಂದು ಗಂಟೆಯ ಕಾಫಿ ನಮ್ಮ ಮನೆಯಿಂದ ಹೋಗುತ್ತಿತ್ತು. ಹಾಗೆ ನಾನು ಪ್ರತಿದಿನ ಆ ಚಿತ್ರ ಬೆಳೆಯುವುದನ್ನು ನೋಡಿದೆ. ಕಾರ್ಖಾನೆಯ ಗೇಟು, ಚಿಮಣಿ, ಗುಲ್‌ಮೊಹರ್ ಮರ, ಅದರ ಕೆಳಗೆ ನದಿಯ ಹಾಗೆ ಬರುವ ಜನ. ಎಲ್ಲರ ತೋಳೂ ನಿಜಕ್ಕಿಂತ ದಪ್ಪ, ಎಲ್ಲರ ಗದ್ದವೂ ಮೇಲಕ್ಕೆ. ಮುಂದಿನ ಸಾಲಿನಲ್ಲಿ ಯೂನಿಯನ್ ಅಧ್ಯಕ್ಷರು, ನಮ್ಮ ಮನೆಯವರು, ಟೂಲ್ ರೂಮಿನವರು, ಒಬ್ಬೊಬ್ಬರನ್ನೂ ಗುರುತು ಹಿಡಿಯಬಹುದಿತ್ತು. ಅಧ್ಯಕ್ಷರ ಹೊಟ್ಟೆ ಮಾತ್ರ ಚಿತ್ರದಲ್ಲಿ ಮಾಯವಾಗಿತ್ತು.

“ಹೊಟ್ಟೆ ಎಲ್ಲಿ ಹೋಯ್ತು?” ಎಂದೆ ನಾನು.

“ಬಾವುಟದ ಹಿಂದೆ ಇಟ್ಟಿದೀನಿ ಮೇಡಮ್. ಕೇಳಿದ್ರೆ ತೆಗೆದುಕೊಡ್ತೀನಿ.”

ಆದರೆ ಚಿತ್ರದ ಮೆರವಣಿಗೆ ಗೇಟಿನ ಹತ್ತಿರ ತಿರುಗುತ್ತಿತ್ತು. ಆ ತಿರುವಿನಲ್ಲಿ, ಎಡಗಡೆ, ಏಳೆಂಟು ಹೆಂಗಸರು. ಅವರ ಕೊರಳಿನ ಹಿಂದೆ ಹಳದಿ ಪಟ್ಟಿ. ಅವರೆಲ್ಲರ ಬೆನ್ನು ಮಾತ್ರ ಕಾಣುತ್ತಿತ್ತು. ಜಡೆ, ತುರುಬು, ಬೆವರಿನಿಂದ ಬೆನ್ನಿಗೆ ಅಂಟಿದ ರವಿಕೆ. ಒಂದು ಮುಖವೂ ಇಲ್ಲ.

ಮಾರ್ಚಿನಲ್ಲಿ ಒಂದು ಸಂಜೆ ಹಾಗೇ ಏಳೆಂಟು ಗುತ್ತಿಗೆ ಹೆಂಗಸರು ಕೆಲಸ ಕಾಯಂ ಮಾಡಿ ಎಂದು ಅರ್ಜಿ ಹಿಡಿದು ಗೇಟಿನ ಮುಂದೆ ನಿಂತಿದ್ದರಂತೆ, ಮುಖಕ್ಕೆ ಸೆರಗು ಸುತ್ತಿಕೊಂಡು. ಯಾರು ಯಾರೆಂದು ಭದ್ರತೆಯವರಿಗೆ ಕೊನೆಗೂ ಗೊತ್ತಾಗಲಿಲ್ಲವಂತೆ. ಊಟಕ್ಕೆ ಕೂತಾಗ ನಮ್ಮ ಮನೆಯವರು ಹೇಳಿದ್ದು ನನ್ನ ಒಂದು ಕಿವಿಗೆ ಬಿದ್ದಿತ್ತು. ಇನ್ನೊಂದು ಕಿವಿ ಕುಕ್ಕರಿನ ಕಡೆ ಇತ್ತು. ಚಿತ್ರಕಾರರು ಅವತ್ತು ಎದುರಿನ ಟೀ ಅಂಗಡಿಯಲ್ಲಿ ಕೂತು ಅದನ್ನು ಕಣ್ಣಾರೆ ನೋಡಿದ್ದರು. ಚಿತ್ರದ ಎಡಗಡೆಯಲ್ಲಿ ಇದ್ದದ್ದು ಅದೇ. ನನಗೆ ಅದು ಹೊಳೆಯಲಿಲ್ಲ. ನನಗೆ ಕಂಡದ್ದು ಅನ್ಯಾಯ ಮಾತ್ರ. ನೀಲಿ ಪಟ್ಟಿಯವರಿಗೆಲ್ಲ ಮುಖ, ಹಳದಿಯವರಿಗೆ ಬೆನ್ನು.

ಶಾಲೆಯಲ್ಲಿ ವರ್ಷಕ್ಕೊಮ್ಮೆ ಗ್ರೂಪ್ ಫೋಟೋ ತೆಗೆಯುವಾಗ ಸಿಸ್ಟರ್ ನನ್ನನ್ನೇ ಕರೆಯುತ್ತಿದ್ದರು. ಯಾರ ಮುಖ ಯಾರ ಹಿಂದೆ ಮರೆಯಾಗಿದೆ ಎಂದು ನೋಡಿ, ಕುಳ್ಳಗಿರುವವರನ್ನು ಮುಂದೆ ತರುವುದು ನನ್ನ ಕೆಲಸ. ಯಾರೂ ಬಿಟ್ಟುಹೋಗಬಾರದು. ನನ್ನ ಜೀವನದಲ್ಲಿ ನಾನು ಚೆನ್ನಾಗಿ ಮಾಡಿದ ಕೆಲಸ ಅದೊಂದೇ ಇರಬೇಕು.

“ಈ ಹೆಂಗಸರನ್ನ ಸ್ವಲ್ಪ ತಿರುಗಿಸಬಾರದಾ?” ಎಂದು ಕೇಳಿದೆ.

ಅವರು ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅಲ್ಲಾಡಿಸುತ್ತಾ ಇದ್ದರು. “ಇವರದ್ದು ಬೆನ್ನೇ ಇರ್ಲಿ ಮೇಡಮ್. ಬೆನ್ನು ನೋಡಿದ್ರೆ ಅವರಿಗೇ ಗೊತ್ತಾಗುತ್ತೆ ಇದು ನಾವು ಅಂತ. ಅಷ್ಟು ಸಾಕು.”

“ಎಲ್ಲರದ್ದೂ ಬೇಡ, ಒಬ್ಬಳದ್ದಾದ್ರೂ. ಪಾಪ, ಮೆರವಣಿಗೆಗೆ ಬರೋ ಹಾಗಿಲ್ಲ ಅಂತ ಹೇಳಿದಾಳೆ. ಚಿತ್ರದಲ್ಲಾದ್ರೂ ನಡೀಲಿ.”

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಪರೇಷನ್ ಆದ ಕಣ್ಣು ಮಿಟುಕಲಿಲ್ಲ. ಆಮೇಲೆ, “ನಿಮ್ಮ ಯಜಮಾನರು ಕಮಿಟಿಯವರು. ನೀವು ಹೇಳಿದ ಮೇಲೆ ಆಯ್ತು,” ಎಂದರು. ಅದನ್ನು ಅವರು ಮರ್ಯಾದೆಗೆ ಹೇಳಿದರೆಂದು ನಾನು ತಿಳಿದೆ. ನನ್ನ ಮಾತಿಗೆ ನನ್ನದಲ್ಲದ ತೂಕವೊಂದಿತ್ತು ಎನ್ನುವುದು ಆಗ ನನಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಅವರು ಹಳೆಯ ಲೆಡ್ ಪೆನ್ಸಿಲ್ ಹಿಡಿದು ನನ್ನನ್ನೇ ಕೇಳಿದರು. ಫೋಟೋ ಇರಲಿಲ್ಲ, ನಾನು ಬಾಯಲ್ಲಿ ಹೇಳಿದೆ. ಹಣೆ ಸ್ವಲ್ಪ ಕಿರಿದು. ಬಲ ಹುಬ್ಬಿನ ತುದಿ ಇಲ್ಲ. ನಗುವಾಗ ಮೇಲಿನ ತುಟಿ ಎಡಕ್ಕೆ ಹೋಗುತ್ತದೆ. ಕಿವಿ ಹೀಗೆ, ಹಾಲೆ ಸೀಳಿದೆ, ಓಲೆ ಸೀಳಿನ ಮೇಲೆ, ಹಸಿರು ಕಲ್ಲು. ನಾನು ಹೇಳುತ್ತಾ ಹೋದೆ, ಅವರು ಅಳಿಸುತ್ತಾ ಬರೆಯುತ್ತಾ ಹೋದರು. ಮೂರು ದಿನದಲ್ಲಿ, ಬೆನ್ನುಗಳ ಸಾಲಿನ ನಡುವೆ ಒಬ್ಬಳು ಹೆಗಲ ಮೇಲಿಂದ ಹಿಂತಿರುಗಿ ನಮ್ಮನ್ನು ನೋಡಿದಳು. ಯಾರೋ ಹೆಸರು ಹಿಡಿದು ಕೂಗಿದ್ದಕ್ಕೆ ತಿರುಗಿದ ಹಾಗಿತ್ತು. ಹಳದಿ ಪಟ್ಟಿ ಈಗ ಎದೆಯ ಮೇಲೆ ಬಂದಿತ್ತು. ಇಡೀ ಚಿತ್ರದಲ್ಲಿ ಜೀವ ಇದ್ದದ್ದು ಆ ಮುಖಕ್ಕೆ ಮಾತ್ರ. ಉಳಿದವರೆಲ್ಲ ದೂರ ನೋಡುತ್ತಿದ್ದರು.

ಅವಳಿಗೆ ಹೇಳಲಿಲ್ಲ. ಎರಡನೇ ತಾರೀಖು ಪಟ್ಟಿಯಲ್ಲಿ ಹೆಸರು ಬಂದ ಮೇಲೆ, ಒಂದು ಮಧ್ಯಾಹ್ನ ಕೈ ಹಿಡಿದು ಹಾಲಿಗೆ ಕರೆದುಕೊಂಡು ಹೋಗಿ ತೋರಿಸಬೇಕೆಂದಿದ್ದೆ.

ಮೇ ದಿನದ ಬೆಳಗ್ಗೆ ಒಂಬತ್ತಕ್ಕೆ ಮೆರವಣಿಗೆ ಸರ್ಕಲ್ಲಿನಿಂದ ಹೊರಟಿತು. ತಮಟೆಯವರು ಮುಂದೆ, ಬ್ಯಾನರು, ಆಮೇಲೆ ಬಿಳಿ ಅಂಗಿಗಳು. ನಾವು ಹೆಂಗಸರು ಚಿತ್ರಾನ್ನದ ಪಾತ್ರೆಗಳನ್ನು ಯೂನಿಯನ್ ಹಾಲಿನಲ್ಲಿ ಜೋಡಿಸಿ ಗೇಟಿನ ಹತ್ತಿರ ಬಂದು ನಿಂತೆವು. ಪ್ರತಿವರ್ಷ ಮೆರವಣಿಗೆಯ ಕೊನೆಯಲ್ಲಿ ಹಳದಿ ಪಟ್ಟಿಯವರು ಸ್ವಲ್ಪ ಜನ ನಾಚಿಕೊಂಡು ಬರುತ್ತಿದ್ದರು. ಆ ವರ್ಷ ಒಬ್ಬರೂ ಇರಲಿಲ್ಲ. ಕೊನೆಯ ಬಿಳಿ ಅಂಗಿ ದಾಟಿದ ಮೇಲೆ ಬರೀ ರಸ್ತೆ, ಅದರ ಮೇಲೆ ತುಳಿದ ಗುಲ್‌ಮೊಹರ್ ಹೂ. ರಸ್ತೆಯ ಆಚೆ ಸೆಕ್ಯುರಿಟಿ ಜೀಪು ನಿಂತಿತ್ತು, ಕಿಟಕಿ ಅರ್ಧ ಇಳಿಸಿತ್ತು. ಯಾರೂ ಇಳಿಯಲಿಲ್ಲ.

ಹಾಲಿನಲ್ಲಿ ಅಧ್ಯಕ್ಷರು ಬೆಡ್‌ಶೀಟ್ ಎಳೆದು ಚಿತ್ರ ಅನಾವರಣ ಮಾಡಿದರು.  ಆಮೇಲೆ ನಗೆ, ಶಿಳ್ಳೆ.

“ಗುರೂ, ನಮ್ ಪ್ರೆಸಿಡೆಂಟು ಜಿಮ್ಮಿಗೆ ಹೋಗ್ತಿದಾರೆ ಕಣೋ!”

“ಲೇ, ನನ್ನ ಕೂದಲು ನೋಡೋ, ಇಷ್ಟು ಯಾವಾಗ ಇತ್ತು?”

“ಚಿತ್ರದಲ್ಲೇ ಇರ್ಲಿ ಬಿಡು ಮಗಾ, ಮನೇಗೆ ತಗೊಂಡೋಗ್ಬೇಡ.”

ಎಲ್ಲರ ಕೈಯಲ್ಲೂ ಮೊಬೈಲು ಮೇಲಕ್ಕೆದ್ದಿತು. ಅವರವರು ಅವರವರ ಮುಖದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎಡಗಡೆಯ ತುದಿಗೆ ಯಾರೂ ಹೋಗಲಿಲ್ಲ. ನಾನು ಮಾತ್ರ ಅಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ಮನೆಯವರು ಬಂದು ಪಕ್ಕದಲ್ಲಿ ನಿಂತರು. ಅವರು ಕೆಲಸದ ಗಡಿಬಿಡಿಯಲ್ಲಿ ಚಿತ್ರವನ್ನು ಅದುವರೆಗೆ ಪೂರ್ತಿ ನೋಡಿರಲಿಲ್ಲ. ಅವರ ಕೈಯಲ್ಲಿದ್ದ ದೊನ್ನೆ ಸ್ವಲ್ಪ ವಾಲಿತು, ಎರಡು ಕಡಲೆಬೀಜ ಕೆಳಗೆ ಬಿದ್ದವು.

“ಈ ಮುಖ ಯಾರು ಬರೆಸಿದ್ದು?”

“ನಾನೇ,” ಎಂದೆ. ಹೆಮ್ಮೆಯಿಂದಲೇ ಎಂದೆ.

ಅವರು ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದರು. “ಆಯ್ತು ಬಿಡು. ಇಷ್ಟು ಜನದಲ್ಲಿ ಯಾರು ಗಮನಿಸ್ತಾರೆ,” ಎಂದರು. ಆದರೆ ಆಮೇಲೆ ಅವರು ಚಿತ್ರಾನ್ನ ತಿನ್ನಲಿಲ್ಲ. ದೊನ್ನೆಯನ್ನು ಕಿಟಕಿಯಲ್ಲಿಟ್ಟು ಹೋದರು. ನಾನು ಅದನ್ನು ಎತ್ತಿಟ್ಟೆ. 

ಮಧ್ಯಾಹ್ನ ಒಂದೂವರೆಗೆ ಹಿತ್ತಿಲ ಬಾಗಿಲು ಬಡಿಯಿತು. ಅವಳು ಯಾವಾಗಲೂ ಮುಂದಿನ ಗೇಟಿಗೇ ಬರುತ್ತಿದ್ದವಳು. ಸಿಂಗಾಪುರದಿಂದ ಆ ಸೆಕೆಯಲ್ಲಿ ನಡೆದೇ ಬಂದಿದ್ದಳು. ಸೆರಗು ಕಿವಿ ಮುಚ್ಚುವ ಹಾಗೆ ತಲೆಯ ಮೇಲೆ ಎಳೆದಿತ್ತು. ಮೊಬೈಲು ನನ್ನ ಮುಂದೆ ಹಿಡಿದಳು. ಗಾಜು ಒಡೆದ ಆ ಮೊಬೈಲಿನಲ್ಲಿ ಯಾರೋ ಕಳಿಸಿದ ಫೋಟೋ, ಇಡೀ ಚಿತ್ರ. ಅವಳು ಎರಡು ಬೆರಳಿನಿಂದ ಎಡಗಡೆಯನ್ನು ದೊಡ್ಡದು ಮಾಡಿದಳು.

“ಅಕ್ಕಾ, ಇದು ನಾನಾ?”

ನಾನು ಹೌದೆಂದೆ.

“ನನ್ನ ಕಿವಿ ಆ ತಾತಂಗೆ ಎಂಗ್ ಗೊತ್ತು? ಆ ವಯ್ಯ ನನ್ನ ನೋಡೇ ಇಲ್ಲ.”

“ನಾನು ಹೇಳಿದೆ,” ಎಂದೆ. “ನಿನಗೆ ಖುಷಿಯಾಗ್ಲಿ ಅಂತ. ನೀನು ಬರೋ ಹಾಗಿಲ್ಲ ಅಂದ್ಯಲ್ಲ...”

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಮಾರ್ಚಲ್ಲಿ ಗೇಟ್ ತಾವ ನಿಂತೋರೇ ಇವ್ರು ಅಕ್ಕಾ. ನಾನೂ ನಿಂತಿದ್ದೆ. ಮೊಖ ಕಟ್ಕೊಂಡಿದ್ದೆ. ನಾನು ಅಂತ ನನ್ನ ಮಗಳಿಗೂ ಏಳಿಲ್ಲ. ಅವತ್ತಿಂದ ಉಡುಕ್ತಾವ್ರೆ. ಯಾರಾದ್ರೂ ಒಬ್ರು ಸಿಕ್ಕಿದ್ರೆ ಸಾಕು ಅಂತವ್ರೆ. ನಾಳೆ ಬೆಳಗ್ಗೆ ಲಿಸ್ಟು.”

ಆಗ ನನಗೆ ಬೆನ್ನುಗಳು ಅರ್ಥವಾದವು. ಚಿತ್ರಕಾರರು ಆ ತಿರುವನ್ನು ಯಾಕೆ ಬರೆದಿದ್ದರು, ಯಾಕೆ ಮೆರವಣಿಗೆ ನೇರವಾಗಿ ಬರದೆ ಸರಿಯಾಗಿ ಅಲ್ಲೇ ತಿರುಗುತ್ತಿತ್ತು ಎನ್ನುವುದೂ. ಅವರನ್ನು ಯಾರೂ ಬಿಟ್ಟಿರಲಿಲ್ಲ, ಕಾಪಾಡಿದ್ದರು. ನಾನು ಕುಳ್ಳಗಿರುವ ಹುಡುಗಿಯನ್ನು ಮುಂದಕ್ಕೆ ಎಳೆದು ತಂದಿದ್ದೆ.

“ಇನ್ನೂ ಯಾರೂ ಏನೂ ಕೇಳಿಲ್ಲ ತಾನೆ?”

“ಇನ್ನೂ ಇಲ್ಲ.”

“ಹಾಗಿದ್ರೆ ಮನೆಗೆ ಹೋಗು. ಅದನ್ನ ನಾನು ಈಗಲೇ ಮುಚ್ಚಿಸ್ತೀನಿ,” ಎಂದೆ. ಅವಳಿಗೆ ಒಂದು ಲೋಟ ನೀರು ಕೊಟ್ಟೆ. ಅರ್ಧ ಕುಡಿದು, ಉಳಿದದ್ದನ್ನು ಚೆಲ್ಲದೆ ಕರಿಬೇವಿನ ಗಿಡದ ಬುಡಕ್ಕೆ ಹಾಕಿ ಹೋದಳು.

ನಮ್ಮ ಮನೆಯವರು ಊಟ ಮಾಡಿ ಮಲಗಿದ್ದರು. ಕೆಂಪು ಹೂವಿನ ಅಂಗಿ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಎಬ್ಬಿಸಬೇಕಿತ್ತು, ಎಬ್ಬಿಸಲಿಲ್ಲ. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದು ಬೇಡ ಎನಿಸಿತು. ಮೊಳೆಗೆ ತೂಗಿದ್ದ ಯೂನಿಯನ್ ಹಾಲಿನ ಬೀಗದಕೈ ತೆಗೆದುಕೊಂಡು, ಛತ್ರಿ ಹಿಡಿದು, ಹಿಂದಿನ ಬೀದಿಯಲ್ಲಿದ್ದ ಚಿತ್ರಕಾರರ ಮನೆಗೆ ಹೋದೆ. ಅವರು ಬನಿಯನ್ನಿನಲ್ಲಿ ರೇಡಿಯೋ ಹತ್ತಿರ ಕೂತಿದ್ದರು. ನನ್ನ ಮುಖ ನೋಡಿದ ಕೂಡಲೇ ಒಳಗೆ ಹೋಗಿ ಕೆಂಪು ಬಣ್ಣದ ಡಬ್ಬಿ ಮತ್ತು ಅಗಲದ ಒಂದು ಕುಂಚ ತಂದರು.

ದಾರಿಯಲ್ಲಿ, “ಗೋಡೆ ಮೇಲಿರೋದನ್ನ ಅಳಿಸ್ಬೋದು ಮೇಡಮ್,” ಎಂದರು. 

ಹಾಲಿನಲ್ಲಿ ಚಿತ್ರಾನ್ನದ ಒಗ್ಗರಣೆಯ ವಾಸನೆ ಇನ್ನೂ ಇತ್ತು. ಫ್ಯಾನು ಹಾಕಿದೆ, ಕರೆಂಟ್ ಇರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಅವಳು ಹೆಗಲ ಮೇಲಿಂದ ನನ್ನನ್ನು ನೋಡುತ್ತಿದ್ದಳು. ಚಿತ್ರಕಾರರು ಮೇಜಿನ ಮೇಲೆ ಹತ್ತಿ, ಅವಳ ಪಕ್ಕದ ಸಾಲಿನವನ ಕೈಯಲ್ಲಿದ್ದ ಬಾವುಟವನ್ನು ಕೆಳಕ್ಕೆ ಎಳೆಯತೊಡಗಿದರು. ಗಾಳಿಗೆ ಮಡಿಸಿಕೊಂಡು ಬಿದ್ದ ಹಾಗೆ ಒಂದು ಮಡಿಕೆ, ಅದರ ಮೇಲೆ ಇನ್ನೊಂದು. ಮೊದಲು ಹಣೆ ಹೋಯಿತು, ಆಮೇಲೆ ತುದಿಯಿಲ್ಲದ ಹುಬ್ಬು, ಆಮೇಲೆ ಎಡಕ್ಕೆ ಹೋಗುವ ತುಟಿ. ಕಿವಿಗೆ ಬಂದಾಗ ಅವರ ಕೈ ಒಂದು ಗಳಿಗೆ ನಿಂತಿತು. ಅಷ್ಟು ಸಣ್ಣ ಹಸಿರನ್ನು ಅವರು ಎಷ್ಟು ಕಷ್ಟಪಟ್ಟು ಹಚ್ಚಿದ್ದರೆಂದು ನನಗೆ ಗೊತ್ತಿತ್ತು. ಅದೂ ಹೋಯಿತು.

“ಏನ್ ಮೇಡಮ್, ಟಚಪ್ಪಾ?”

ಬಾಗಿಲಲ್ಲಿ ಗೇಟಿನ ಕಾವಲುಗಾರ ನಿಂತಿದ್ದ. ಸೈಕಲ್ಲನ್ನು ಗೋಡೆಗೆ ಒರಗಿಸಿದ್ದ. ನನ್ನನ್ನು ಬಲ್ಲವನೇ, ದಿನಾ ನಮಸ್ಕಾರ ಹೇಳುವವನೇ.

“ಹೂಂಪ್ಪ, ಬಾವುಟ ಸ್ವಲ್ಪ ಚಿಕ್ಕದಾಗಿತ್ತು,” ಎಂದೆ. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ನನ್ನ ಕುತ್ತಿಗೆ ಕೆಂಪಾಗುತ್ತಿತ್ತು. ಈಗಲೂ ಆಗಿರಬೇಕು.

“ಹಾಗೇ ಇರಿ, ಒಂದ್ ಫೋಟೋ. ತಾತ ಕೆಲಸ ಮಾಡ್ತಿರೋದು ಚೆನ್ನಾಗಿದೆ.” ಮೊಬೈಲು ಎತ್ತಿದ. ಚಿತ್ರಕಾರರು ತಿರುಗಲಿಲ್ಲ. ನಾನು, ಯಾರಾದರೂ ಫೋಟೋ ತೆಗೆದರೆ ಹಲ್ಲು ಕಾಣದ ಹಾಗೆ ನಗಬೇಕೆಂದು ಕಲಿತವಳು, ನಕ್ಕೆ.

ಅವನು ಹೋದ ಮೇಲೆ ಚಿತ್ರಕಾರರು ಕೆಳಗಿಳಿದರು. ಹೊಸ ಕೆಂಪು ಹಳೆಯ ಕೆಂಪಿಗಿಂತ ಗಾಢವಾಗಿತ್ತು, ಒದ್ದೆಯಾಗಿ ಮಿನುಗುತ್ತಿತ್ತು. ದೂರದಿಂದ ನೋಡಿದರೆ ಇಡೀ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ.

“ಒಣಗಿದ್ರೆ ಸರಿ ಹೋಗುತ್ತೆ ಅಲ್ವಾ?” ಎಂದೆ.

“ಒಣಗುತ್ತೆ,” ಎಂದರು. 

ಮನೆಗೆ ಬಂದು ಬೀಗದಕೈಯನ್ನು ಮೊಳೆಗೆ ಹಾಕಿದೆ. ನನ್ನ ಹೆಬ್ಬೆರಳಿಗೆ ಕೆಂಪು ಹತ್ತಿತ್ತು. ಸೀಮೆಎಣ್ಣೆ ಹಚ್ಚಿದೆ, ಸೋಪು ಹಚ್ಚಿದೆ, ಉಗುರಿನ ಸಂದಿಯದು ಹೋಗಲಿಲ್ಲ. ಆದರೂ ಮನಸ್ಸು ಸ್ವಲ್ಪ ಹಗುರಾಯಿತು. ಅವಳಿಗೆ ಫೋನ್ ಮಾಡಿ, “ಮುಚ್ಚಿಸಿದೀನಿ, ಇನ್ನು ಏನೂ ಕಾಣಲ್ಲ,” ಎಂದೆ. ಅವಳು, “ದೇವ್ರು ಒಳ್ಳೇದ್ ಮಾಡ್ಲಿ ಅಕ್ಕಾ,” ಎಂದಳು. ಹಿಂದೆ ಮಗಳು ಏನೋ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದದ್ದು ಕೇಳಿಸಿತು.

ನಾಲ್ಕೂವರೆಗೆ ನಮ್ಮ ಮನೆಯವರು ಎದ್ದರು. ಕಾಫಿ ಕೊಟ್ಟು ಎಲ್ಲವನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟು, “ಯಾರಾದ್ರೂ ನೋಡಿದ್ರಾ?” ಎಂದು ಕೇಳಿದರು. ಕಾವಲುಗಾರ ಬಂದಿದ್ದ ಎಂದೆ. ಫೋಟೋ ವಿಷಯವನ್ನೂ ಹೇಳಿದೆ. ಅವರು ಎದ್ದು ಅಂಗಿಯ ಕೆಂಪು ಹೂವು ಬಿಚ್ಚಿ, ಪಿನ್ನನ್ನು ಮತ್ತೆ ಅದಕ್ಕೇ ಚುಚ್ಚಿ, ಡ್ರಾಯರಿನಲ್ಲಿಟ್ಟರು. ಆಮೇಲೆ ಅಧ್ಯಕ್ಷರಿಗೆ ಫೋನ್ ಮಾಡಿದರು. ಅವರು ತೆಗೆಯಲಿಲ್ಲ. ಮತ್ತೆ ಮಾಡಿದರು.

ಸಂಜೆ ಆರಕ್ಕೆ ನಾನು ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಬೆಳಗ್ಗೆ ಹಾಲಿನಿಂದ ತೋಯ್ದ ಕಾಲೊರಸೂ ತಂತಿಯ ಮೇಲಿತ್ತು. ಒಗೆದರೂ ಹುಳಿ ವಾಸನೆ ಬಿಟ್ಟಿರಲಿಲ್ಲ. ಮೋಡ ಇನ್ನೂ ಕೆಳಗಿಳಿದಿತ್ತು, ಹನಿ ಬಿದ್ದಿರಲಿಲ್ಲ. ಪಕ್ಕದ ಮನೆಯ ಮುಂದೆ ಜೀಪು ಬಂದು ನಿಂತ ಸದ್ದು, ಬಾಗಿಲು ಹಾಕಿದ ಸದ್ದು. ಸ್ವಲ್ಪ ಹೊತ್ತಿಗೆ ಆಕೆ ಒಂದು ಪ್ಲಾಸ್ಟಿಕ್ ಬುಟ್ಟಿ ಹಿಡಿದು ಹೊರಗೆ ಬಂದು, ಚಪ್ಪರಕ್ಕೆ ಕೈಹಾಕಿ ತೊಂಡೆಕಾಯಿ ಕೀಳತೊಡಗಿದರು.

“ಈಗ್ ಬಂದ್ರು ನೋಡಿ ನಮ್ಮನೆಯವ್ರು,” ಎಂದರು, ಎಲೆಯ ಸಂದಿಯಿಂದ. “ರಜಾ ದಿನ ಪೂರ್ತಿ ಆ ನಿಮ್ ಚಿತ್ರದ ಫೋಟೋ ಇಟ್ಕೊಂಡು ಕೂತಿದ್ರಂತೆ. ಬೆಳಗ್ಗೆ ಯಾರೂ ಎಡಗಡೆ ನೋಡೇ ಇರ್ಲಿಲ್ವಂತೆ ಕಣ್ರೀ, ಎಲ್ಲಾ ಪ್ರೆಸಿಡೆಂಟ್ ಹೊಟ್ಟೆ ನೋಡ್ಕೊಂಡು ನಗ್ತಾ ಇದ್ರಂತೆ. ಮಧ್ಯಾಹ್ನ ಆ ಗಾರ್ಡು ಇನ್ನೊಂದು ಫೋಟೋ ಕಳ್ಸಿದ್ನಂತಲ್ಲ, ಅದ್ರಲ್ಲಿ ಅಲ್ಲೇನೋ ಮುಚ್ಚಿರೋದು ಕಾಣ್ತಂತೆ. ಏನಪ್ಪಾ ಮುಚ್ಚಿದ್ರು ಅಂತ ಬೆಳಗ್ಗೆದನ್ನ ದೊಡ್ಡದ್ ಮಾಡಿ ನೋಡಿದ್ರೆ, ಆ ಸೀಳಿದ ಕಿವಿ ಸಿಕ್ತಂತೆ. ತಕ್ಷಣ ಲಿಸ್ಟಿಂದ ಅವಳ ಹೆಸರು ಹೊಡೆದುಹಾಕಿದ್ರಂತೆ. ಅಲ್ಲಾ, ಅಷ್ಟು ಚೆನ್ನಾಗಿದ್ದ ಮುಖಾನ ಯಾಕ್ ಮುಚ್ಚೋಕ್ ಹೋದ್ರೋ, ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ತೊಂಡೆಕಾಯಿ ಬೇಕಾ ರೀ, ಒಂದ್ ಹಿಡಿ?”